ಕತ್ತರಿ ಹಿಡಿದ ಇಲಿ

ಇಡೀ ಹೆಂಡರ್ಸನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿಯಷ್ಟು ಸುಳ್ಳು ಹೇಳುವವರು ಇನ್ನೊಬ್ಬರಿರಲಿಲ್ಲ! ದೇವರಿಗೆ ಅಂಜುವ ಯಹೂದಿ ಮುದುಕಿ. ಆದರೆ ಸುಳ್ಳು ನೀರು ಕುಡಿದಷ್ಟು ಸಲೀಸು. ಮಾತು ಇಂಗ್ಲಿಷೇ, ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು ಹುಬ್ಬಳ್ಳಿ ಕನ್ನಡವಾಗಿರುತ್ತಿತ್ತು.

ಆಗ ನನ್ನ ಗಂಡನ ಕೆಲಸ ಹೋಗಿತ್ತು. ನಾವು ಯಾರಿಗೂ ಹೇಳಿರಲಿಲ್ಲ. ಅವರು ದಿನಾ ಇಸ್ತ್ರಿ ಅಂಗಿ ತೊಟ್ಟು ಹೋಗಿ ಲೈಬ್ರರಿಯಲ್ಲಿ ಕೂತು ಬರುತ್ತಿದ್ದರು. ಆಂಟಿ ಏನೂ ಕೇಳಲಿಲ್ಲ. ಶುಕ್ರವಾರ ಜಡೆ ಹೆಣೆದಂಥ ಬ್ರೆಡ್ಡು ಹಿಡಿದು ಬಾಗಿಲಿಗೆ ಬಂದರು. "ಲೆಕ್ಕ ತಪ್ಪಿ ಒಂದು ಜಾಸ್ತಿ ಆಗೈತಿ. ತಗೊಂಡು ನನ್ನ ಮರ್ಯಾದಿ ಉಳಸವ್ವ." ಮುಂದಿನ ಶುಕ್ರವಾರವೂ ಲೆಕ್ಕ ತಪ್ಪಿತು. ಅದರ ಮುಂದಿನದೂ! ಜೀವಮಾನವಿಡೀ ಶಾಲೆಯಲ್ಲಿ ಗಣಿತ ಕಲಿಸಿದ ಹೆಂಗಸು ಸ್ವಾಮೀ!

ಆಮೇಲೆ ಪರದೆಯ ಪ್ರಕರಣ. "ಇಲಿ ಕಡದು ಹಾಳು ಮಾಡ್ಯಾವ. ನಿನಗ ಹೊಲಿಗಿ ಬರ್ತೈತಲ್ಲ, ಸರಿ ಮಾಡಿ ಕೊಡು. ಮಜೂರಿ ತಗೋ," ಎಂದು ಒಂದು ರಾಶಿ ಪರದೆ ಸುರಿದರು. ನನ್ನ ಗಂಡ ಒಂದನ್ನು ಬೆಳಕಿಗೆ ಹಿಡಿದರು. ಹರಿದದ್ದು ಗೆರೆ ಎಳೆದಂತೆ ನೇರ!

"ಇಲಿ ಕತ್ತರಿ ಹಿಡಕೊಂಡು ಬಂದಿತ್ತೇನ?"

"ಸುಮ್ನಿರ್ರಿ," ಎಂದೆ. ಕೆಲವೇ ದಿನಗಳಲ್ಲಿ ಆಂಟಿಯ ಗೆಳತಿಯರ ಮನೆಗಳಿಗೂ ಅದೇ ಇಲಿ ನುಗ್ಗಿತು. ನನ್ನ ಹೊಲಿಗೆ ಯಂತ್ರಕ್ಕೆ ಬಿಡುವಿಲ್ಲದಾಯಿತು.

ಒಮ್ಮೆ ಆಂಟಿಯೇ ಡಬ್ಬಿ ಹಿಡಿದು ಬೇಡಲು ಬಂದರು. "ಬೀದಿ ತುದಿಯ ಮುದುಕಗ ಕೆಮ್ಮು. ನಿನ್ನ ಮೆಣಸಿನ ಸಾರು ಕೊಡು." ನನಗೆ ಸಿಟ್ಟು ಬಂತು. ನಮ್ಮನೆಯಲ್ಲೇ ಬೇಳೆ ಡಬ್ಬಿಯ ತಳ ಕಾಣುತ್ತಿದೆ, ಈಯಮ್ಮನಿಗೆ ಅದು ಗೊತ್ತು ಬೇರೆ!

"ಇಸಕೊಳ್ಳೋರೂ ಕೊಡಬೇಕವ್ವ. ನಮ್ಮಲ್ಲಿ ಹಂಗ ಕಟ್ಟಳೆ. ತ್ಸೆದಾಕಾ ಅಂತಾರ ಇದಕ್ಕ."

"ಸದಕಾ ಅನ್ರಿ ಆಂಟಿ," ಎಂದು ತಿದ್ದಿದೆ. ಅವರ ಹೀಬ್ರೂ ಮಾತನ್ನು ಹುಬ್ಬಳ್ಳಿ ಮದರಸಾದಲ್ಲಿ ಅರಬ್ಬಿ ಓದಿದ ನಾನು ತಿದ್ದಿದೆ! ಆಂಟಿ ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತುಬಿಟ್ಟರು.

"ನಿಮ್ಮಲ್ಲಿ ಏನರ್ಥ?"

"ದಾನ."

"ನಮ್ಮಲ್ಲಿ ನ್ಯಾಯ. ನ್ಯಾಯಕ್ಕ ಯಾರರೆ ಥ್ಯಾಂಕ್ಯೂ ಹೇಳ್ತಾರೇನು?"

ಸಾರನ್ನು ನಾನೇ ಒಯ್ದು ಕೊಟ್ಟೆ. ಎಷ್ಟೋ ತಿಂಗಳ ಮೇಲೆ ಅವತ್ತು ಬೀದಿಯಲ್ಲಿ ತಲೆಯೆತ್ತಿ ನಡೆದೆ.

ಗಂಡನಿಗೆ ಕೆಲಸ ಸಿಕ್ಕಿತು. ಆಂಟಿ ದೂರದ ವೆಲ್ಲಿಂಗ್ಟನ್ನಿಗೆ, ಮಗಳ ಮನೆಗೆ ಹೋದರು. ಶುಕ್ರವಾರ ಬಂತೆಂದರೆ ಈಗಲೂ ಬಾಗಿಲು ತಟ್ಟಿದ ಹಾಗಾಗುತ್ತದೆ. ಎದ್ದು ನೋಡಿದರೆ ಬರೀ ಗಾಳಿ. ಎಷ್ಟು ನೆನಪಾಗುತ್ತಾರೆ! ತಡೆಯಲಾರದೆ ಫೋನ್ ಮಾಡುತ್ತೇನೆ. ಹೋದ ವಾರ ಅವರು ತಡವರಿಸಿದರು.

"ದನಿ ಗೊತ್ತಾಗ್ತೈತಿ... ಹೆಸರು... ಹೆಸರು ಬರವಲ್ದವ್ವ." ಗಣಿತದ ಟೀಚರರ ದನಿ ನಾಚಿಕೆಯಿಂದ ಸಣ್ಣದಾಗಿತ್ತು. ನನ್ನ ಕಣ್ಣು ತುಂಬಿತು.

"ನನಗೂ ನಿಮ್ಮ ಹೆಸರು ಮರತೈತಿ ಆಂಟಿ," ಎಂದೆ. "ಬರ್ರಿ, ಹೊಸದಾಗಿ ಪರಿಚಯ ಮಾಡ್ಕೊಳ್ಳೋಣು."

ಫೋನಿನಲ್ಲಿ ಅದೇ ಹಳೆಯ ನಗು.

"ಎಷ್ಟು ಚಂದ ಸುಳ್ಳು ಹೇಳ್ತೀಯವ್ವ! ಬಾ, ಒಂದು ಬ್ರೆಡ್ಡು ಜಾಸ್ತಿ ಆಗೈತಿ."

ಹೆಂಡರ್ಸನ್ನಿನ ಅಡುಗೆಮನೆಯಲ್ಲಿ ನಿಂತೇ ನಾನೆಂದೆ, "ಬಂದೆ ಆಂಟಿ."