ಪ್ಯಾರಿಸ್ ಪಕ್ಕದ ಊರು, ನಮ್ಮ ದ್ರಾಕ್ಷಿ ತೋಟ

ಭೂಗೋಳದ ಮೇಷ್ಟ್ರುಗಳಿಗೆ ಒಂದು ಕೆಟ್ಟ ಚಾಳಿಯಿದೆ. ಮನೆಯ ವಿಷಯ ಮಾತಾಡಲು ಧೈರ್ಯ ಸಾಲದಿದ್ದರೆ ಸಮುದ್ರದಾಚೆಯ ಊರಿನ ಸುದ್ದಿ ಎತ್ತಿಬಿಡುತ್ತಾರೆ. ನಾನೂ ಆ ಪೈಕಿಯವನೇ.

ಈ ಸಲ ದ್ರಾಕ್ಷಿ ಕೊಯ್ಲು ನಡೆದಿದ್ದಾಗ ಒಂದು ಭಾನುವಾರ, ಚಿಕ್ಕಬಳ್ಳಾಪುರದ ಹತ್ತಿರ ಕಳವಾರದ ನಮ್ಮ ನಡುಮನೆಯಲ್ಲಿ ಜಮೀನು ವ್ಯಾಪಾರದ ನಾರಾಯಣಪ್ಪ ಬಂದು ಕೂತಿದ್ದರು. ಸ್ಕಂದಗಿರಿಯ ಮಗ್ಗುಲಲ್ಲಿರುವ ನಮ್ಮ ತೋಟವನ್ನು ಲೇಔಟಿಗೆ ಕೊಡುವ ಮಾತು. ಬಳ್ಳಿಗೆ ಔಷಧಿ ಹೊಡೆದೂ ಹೊಡೆದೂ ಸಾಕಾಗಿ, ಹೆಂಡತಿ ಸುಶೀಲಳನ್ನು ಕೇಳದೆಯೇ ನಾನು ಹೂಂ ಅಂದುಬಿಟ್ಟಿದ್ದೆ. ಆದರೆ ನಮ್ಮಲ್ಲಿ ಮನೆಯಾಕೆ ಎಲೆಯಡಿಕೆ ತಟ್ಟೆ ತಂದಿಟ್ಟು, ಎರಡೂ ಕಡೆಯವರು ಅದನ್ನು ಬದಲಾಯಿಸಿಕೊಂಡರೆ ಮಾತ್ರ ಮಾತು ಗಟ್ಟಿ. ಆ ತಟ್ಟೆ ಅಡುಗೆಮನೆಯಿಂದ ಹೊರಡುತ್ತಲೇ ಇಲ್ಲ. ಪಾತ್ರೆಗಳ ಸದ್ದು ಮಾತ್ರ ಜೋರಾಗುತ್ತಿತ್ತು.

"ಏಮಿ ಮೇಷ್ಟ್ರೇ, ಅಮ್ಮಾವ್ರಿಗೆ ಒಪ್ಪಿಗೆ ಐತೋ ಇಲ್ವೋ?" ಎಂದರು ನಾರಾಯಣಪ್ಪ.

ನಾನು ಬೆವರು ಒರೆಸಿಕೊಂಡು ಸೀದಾ ಫ್ರಾನ್ಸಿಗೆ ಹಾರಿದೆ. ಒಂಬತ್ತನೇ ತರಗತಿಗೆಂದು ಓದಿಕೊಂಡಿದ್ದ ಊರು, ಅರ್ಜಾಂತೈ. ಪ್ಯಾರಿಸ್ಸಿನ ಪಕ್ಕ, ಸೇನ್ ನದಿಯ ತಿರುವಿನಲ್ಲಿದೆ. ಒಂದು ಕಾಲಕ್ಕೆ ಗುಡ್ಡದ ಇಳಿಜಾರೆಲ್ಲ ದ್ರಾಕ್ಷಿಯಂತೆ. ಪಟ್ಟಣಕ್ಕೆ ತರಕಾರಿಯೂ ಅಲ್ಲಿಂದ ಹೋಗುತ್ತಿತ್ತಂತೆ. "ಥೇಟ್ ನಮ್ಮ ಚಿಕ್ಕಬಳ್ಳಾಪುರ ಕಣ್ರೀ," ಎಂದೆ ಉತ್ಸಾಹದಲ್ಲಿ. ಆಮೇಲೆ ರೈಲು ಬಂತು, ಕಾರ್ಖಾನೆ ಬಂತು, ಬಳ್ಳಿಗೆ ರೋಗ ಬಂತು, ಪ್ಯಾರಿಸ್ಸು ಬೆಳೆದು ಬೆಳೆದು ಹಿತ್ತಲಿಗೇ ಬಂತು.

ಒಳಗೆ ಪಾತ್ರೆಗಳ ಸದ್ದು ನಿಂತಿತು. "ಈಗ ಏನೈತೆ ಅಲ್ಲಿ?" ಎಂದು ಸುಶೀಲ ಅಲ್ಲಿಂದಲೇ ಕೇಳಿದಳು.

ಏನಾದರೂ ಸುಳ್ಳು ಹೇಳಬಹುದಿತ್ತು. ಪಾಠದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಈಗ ಎಲ್ಲಾ ಅಪಾರ್ಟ್‌ಮೆಂಟು ಕಣೇ. ನೆನಪಿಗೆ ಅಂತ ಒಂದು ಚೂರು ತೋಟ ಇಟ್ಕೊಂಡವ್ರೆ. ಹಣ್ಣು ಬಂದಾಗ ಹಬ್ಬ ಮಾಡ್ತಾರೆ."

"ಗುಡ್ಡ ಎಲ್ಲಾ ಕಳ್ಕೊಂಡು, ಚೂರಲ್ಲಿ ಹಬ್ಬ ಮಾಡ್ತಾರಾ?"

ನಾರಾಯಣಪ್ಪನವರೇ ಸಮಾಧಾನ ಹೇಳಿದರು: "ಅದಕ್ಕೇನಮ್ಮಾ, ಲೇಔಟಿಗೆ ದ್ರಾಕ್ಷಿವನ ಅಂತಲೇ ಹೆಸರಿಡಣ."

ತಟ್ಟೆ ಬಂತು. ಬದುಕಿದೆ ಎಂದುಕೊಂಡು ಕೈ ಚಾಚಿದೆ. ಅದರಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ತೊಳೆದ ದ್ರಾಕ್ಷಿ ಗೊಂಚಲಿತ್ತು. "ತಿನ್ನಣ್ಣ, ನಮ್ ತೋಟದ್ದೇ. ಮುಂದಿನ ಬೆಳೆಗೂ ಬಾ," ಎಂದಳು ಸುಶೀಲ. ನಾರಾಯಣಪ್ಪನವರು ಅರ್ಥ ಮಾಡಿಕೊಂಡು, ಎರಡು ಹಣ್ಣು ಬಾಯಿಗೆ ಹಾಕಿಕೊಂಡು ಎದ್ದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರವಾಯಿತು, ಅದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಕೊಯ್ಲು ಮುಗಿದು ಹೊಸ ಚಿಗುರು ಬಂದ ದಿನವೇ ಸುಶೀಲ ಔಷಧಿ ಹೊಡೆಯುವ ಕ್ಯಾನನ್ನು ನನ್ನ ಬೆನ್ನಿಗೇರಿಸಿದಳು. "ನಡೀರಿ. ಬಳ್ಳಿಗೆ ರೋಗ ಬಂದ್ರೆ ಊರು ಏನಾಗುತ್ತೆ ಅಂತ ನೀವೇ ಹೇಳಿದ್ರಲ್ಲ," ಎಂದಳು. ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನ ಪಾಠವನ್ನು ಹೀಗೆ ಗಮನವಿಟ್ಟು ಕೇಳಿದವಳು ಇವಳೊಬ್ಬಳೇ.