ನಾಲ್ಕು ಕಾಲಿನ ಆಟ

ಸೋಮವಾರ ಸಂಜೆ, ಊಟದ ಮೇಜಿನ ಮುಂದೆ, ಕೈಯಲ್ಲಿ ಫೋರ್ಕ್ ಎತ್ತಿ ಹಿಡಿದು, ಇಂಡಿಯಾನಾದ ಕೋವಿಂಗ್‌ಫೋರ್ಡ್ ಊರಿನ ಟೈರ್ ಅಂಗಡಿ ಯಜಮಾನ ವರ್ಲಿನ್ ಹಾಸ್ಕಿನ್ಸ್ ಒಂದು ಭೀಷ್ಮ ಪ್ರತಿಜ್ಞೆ ಮಾಡಿದ. ಭೀಷ್ಮನಿಗಾದರೂ ದೇವತೆಗಳು ಹೂಮಳೆ ಸುರಿಸಿದ್ದರು. ವರ್ಲಿನ್‌ಗೆ ಸಿಕ್ಕಿದ್ದು ಹೆಂಡತಿ ಡಾರ್ಲಾಳ ಕೆಂಗಣ್ಣು ಮಾತ್ರ!

"ಇದನ್ನ ನಾನು ನಿಲ್ಲಿಸ್ತೀನಿ ಡಾರ್ಲಾ! ಒಬ್ಬನೇ ನಿಲ್ಲಿಸ್ತೀನಿ!"

ನಿಲ್ಲಿಸಬೇಕಾದ ಅನಾಹುತ ಪತ್ರಿಕೆಯಲ್ಲಿತ್ತು. ಕಾಲೇಜು ಹುಡುಗರ ಬಾಸ್ಕೆಟ್‌ಬಾಲನ್ನು ಇನ್ನು ಇಪ್ಪತ್ತು ನಿಮಿಷದ ಎರಡು ಅರ್ಧವಾಗಿ ಆಡುವುದು ಬೇಡ, ಹತ್ತು ನಿಮಿಷದ ನಾಲ್ಕು ಕಾಲು ಭಾಗ ಮಾಡಿ ಆಡೋಣ ಎಂದು ಯಾರೋ ನಿಯಮ ಸಮಿತಿಯ ಮುಂದೆ ಪ್ರಸ್ತಾಪ ಇಟ್ಟಿದ್ದರು. ಬರೀ ಪ್ರಸ್ತಾಪ! ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಕೂಸು ಹುಟ್ಟುವ ಮೊದಲೇ ಅದರ ಮೇಲೆ ದೊಣ್ಣೆ ಎತ್ತಿದವನು ವರ್ಲಿನ್ ಒಬ್ಬನೇ ಇರಬೇಕು.

ನಿಯಮದವರ ಮೇಲೆ ಅವನ ಸಿಟ್ಟು ಹಳೆಯದು. ಮೂರು ಅಂಕದ ಗೆರೆಯನ್ನು ಹಿಂದಕ್ಕೆ ಸರಿಸಿದ ವರ್ಷ ಗಡ್ಡ ಬಿಟ್ಟು ಪ್ರತಿಭಟಿಸಿದ್ದ. ಚೆಂಡು ಎಸೆಯುವ ಗಡುವನ್ನು ಕಡಿತ ಮಾಡಿದ ವರ್ಷ ಅಡುಗೆಮನೆಯ ಗಡಿಯಾರವನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದ. ಸಮಿತಿಯವರಿಗೆ ಎರಡೂ ತಿಳಿಯಲಿಲ್ಲ. ಡಾರ್ಲಾ ಮಾತ್ರ ಎರಡನ್ನೂ ಅನುಭವಿಸಿದಳು.

"ನಾಲ್ಕು ಕಾಲು ಇರೋದು ದನಕ್ಕೆ ಡಾರ್ಲಾ, ಆಟಕ್ಕಲ್ಲ!"

"ಮೇಜಿಗೂ ಇದೆ. ಅದನ್ನ ಮಾತ್ರ ಗುದ್ದಬೇಡ ಮಹಾರಾಯ, ಮೇಲೆ ಪೈ ಇದೆ."

ಗುದ್ದಿದ! ಶನಿವಾರಕ್ಕೆಂದು ಡಾರ್ಲಾ ಮೊದಲೇ ಒಂದು ಮಾಡಿ ರುಚಿ ನೋಡಲು ಇಟ್ಟಿದ್ದ ಸಕ್ಕರೆ ಕೆನೆಯ ಪೈ ತಟ್ಟೆಯಿಂದ ಚಿಮ್ಮಿ, ಅರ್ಧ ನಾಯಿಯ ಬೆನ್ನಿಗೂ ಅರ್ಧ ಚಾವಣಿಗೂ ಹಂಚಿಹೋಯಿತು. ಡಾರ್ಲಾ ಒಂದೂ ಮಾತಾಡದೆ ಕುರ್ಚಿ ಎಳೆದುಕೊಂಡು ಹತ್ತಿ, ಸೌಟಿನಿಂದ ಚಾವಣಿ ಕೆರೆಯತೊಡಗಿದಳು. ಅವಳು ಮಾತಾಡದಿದ್ದಾಗ ಹೆದರಬೇಕೆಂದು ನಾಯಿಗೂ ಗೊತ್ತಿತ್ತು. ಅದು ಸೋಫಾದ ಕೆಳಗೆ ಹೋಯಿತು.

ವರ್ಲಿನ್ ಫೋನ್ ಎತ್ತಿಕೊಂಡ. ಊರಿನ ರೇಡಿಯೋದಲ್ಲಿ ಸಂಜೆ ಹೊತ್ತು ಡ್ವೇನ್ ಎಂಬಾತ ಬಾಸ್ಕೆಟ್‌ಬಾಲ್ ಅಭಿಮಾನಿಗಳ ಅಳಲು ಕೇಳುತ್ತಾನೆ. ಅಂದು ಊರಿಗೆ ಊರೇ ಅಳುತ್ತಿತ್ತು.

"ವರ್ಲಿನ್, ಫೋನ್ ಮಾಡೋ ಮುಂಚೆ ಶನಿವಾರ ಏನಿದೆ ಅಂತ ಒಂದು ಸಲ ನೆನಪು ಮಾಡ್ಕೋ," ಎಂದಳು ಡಾರ್ಲಾ ಮೇಲಿನಿಂದ.

"ಶನಿವಾರದ ಹೊತ್ತಿಗೆ ಇವರು ನಮ್ಮ ಆಟಾನ ಕೊಚ್ಚಿ ಕೈಮಾ ಮಾಡಿರ್ತಾರೆ! ಹಲೋ! ಹಲೋ ಡ್ವೇನ್! ನಾನು ವರ್ಲಿನ್!"

"ಹೇಳಿ ವರ್ಲಿನ್ ಅವರೇ. ಮೊದಲು ನಿಮ್ಮ ಮನೆ ರೇಡಿಯೋ ಸದ್ದು ಕಮ್ಮಿ ಮಾಡಿ."

"ಯಾಕ್ರೀ ಕಮ್ಮಿ ಮಾಡ್ಲಿ? ನಮ್ಮಂಥೋರ ಸದ್ದು ಕಮ್ಮಿ ಮಾಡಿ ಮಾಡೀನೇ ಅವರು ತಲೆ ಮೇಲೆ ಕೂತಿರೋದು!"

ನಾಲ್ಕು ಕ್ಷಣ ತಡವಾಗಿ ಅಡುಗೆಮನೆಯ ರೇಡಿಯೋ ಅದೇ ಮಾತನ್ನು ಗುಡುಗಿತು. ವರ್ಲಿನ್ ಉಬ್ಬಿಹೋದ.

"ಕೇಳಿದ್ರಾ? ಇನ್ನೊಬ್ಬ ಪುಣ್ಯಾತ್ಮನೂ ಅದನ್ನೇ ಹೇಳ್ತಿದ್ದಾನೆ!"

"ಅದು ನೀವೇ ಸ್ವಾಮಿ!"

"ವರ್ಲಿನ್, ನಿನ್ನ ಬಿ.ಪಿ.!" ಎಂದು ಡಾರ್ಲಾ ಕೂಗಿದ್ದೂ ಊರಿಗೆಲ್ಲ ಕೇಳಿಸಿತು.

"ಬಿ.ಪಿ. ಮನೆ ಹಾಳಾಗ್ಲಿ! ಕೇಳು ಡ್ವೇನ್, ಊರೆಲ್ಲ ಕೇಳಲಿ. ಈ ಭೂಮಿ ಹುಟ್ಟಿದಾಗಿಂದ ಯಾವ ಕಾಲೇಜಲ್ಲೂ ಯಾರೂ ನಾಲ್ಕು ಕಾಲು ಮಾಡ್ಕೊಂಡು ಬಾಸ್ಕೆಟ್‌ಬಾಲ್ ಆಡಿಲ್ಲ! ಆಡಿದ್ರೆ ಅದು ಬಾಸ್ಕೆಟ್‌ಬಾಲೇ ಅಲ್ಲ! ಅಂಥಾ ಆಟ ನಡೆಯೋ ಕಡೆ ಈ ವರ್ಲಿನ್ ಹಾಸ್ಕಿನ್ಸ್ ಕಾಲಿಡಲ್ಲ. ಇಟ್ರೆ ನನ್ನ ಹೆಸರು ಬೇರೆ ಇಡಿ!"

ಕುರ್ಚಿಯ ಮೇಲೆ ಸೌಟಿನ ಸದ್ದು ನಿಂತಿತು.

ಮರುದಿನದಿಂದ ವರ್ಲಿನ್‌ನನ್ನು ಹಿಡಿಯುವವರೇ ಇಲ್ಲ. ರೇಡಿಯೋದವರು ಅವನ ಗರ್ಜನೆಯನ್ನು ಗಂಟೆಗೊಮ್ಮೆ ಬಾರಿಸಿದರು. ಟೈರಿನಲ್ಲಿ ಗಾಳಿ ಸರಿಯಾಗಿಯೇ ಇದ್ದವರೂ ಗಾಳಿ ಹಾಕಿಸುವ ನೆಪದಲ್ಲಿ ಬಂದು ಕೈ ಕುಲುಕಿದರು. ಎದುರಿನ ಕ್ಷೌರದಂಗಡಿಯ ಲೊವೆಲ್ ಅಂತೂ ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು ಓಡಿಬಂದ. ಕೈಯಲ್ಲಿ ವರ್ಲಿನ್‌ನ ಮುಖ ಅಚ್ಚಾದ ದೊಡ್ಡ ಫಲಕ. ಕೆಳಗೆ ದಪ್ಪ ಅಕ್ಷರದಲ್ಲಿ, ವರ್ಲಿನ್ ಮಾತು ತಪ್ಪಲ್ಲ!

"ನಿನ್ನ ಹಿಂದೆ ಒಂದು ಪಡೇನೇ ಎದ್ದಿದೆ ಕಣೋ!" ಎಂದ ಲೊವೆಲ್. "ಶನಿವಾರ ಟಿಲ್ಮನ್ ಕಾಲೇಜಿನ ಜಿಮ್ ಬಾಗಿಲಲ್ಲೇ ಪ್ರತಿಭಟನೆ. ಅವತ್ತು ಹುಡುಗೀರ ಆಟ ಇದೆ, ಜನ ಚೆನ್ನಾಗಿ ಸೇರ್ತಾರೆ."

"ಶಹಬ್ಬಾಸ್!" ಎಂದ ವರ್ಲಿನ್. ಅನ್ನುತ್ತಿದ್ದಂತೆ ಕೈಯಲ್ಲಿದ್ದ ಟೈರ್ ಬಿಚ್ಚುವ ಸಲಾಕೆ ಜಾರಿ ಅವನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

ಹುಡುಗಿಯರ ಆಟ! ಟಿಲ್ಮನ್ ಕಾಲೇಜಿನ ಹುಡುಗಿಯರ ತಂಡದಲ್ಲಿ ಆಡುವವಳು ಅವನ ಒಬ್ಬಳೇ ಮಗಳು ಹ್ಯಾಲಿ. ಶನಿವಾರ ಕೊನೆಯ ವರ್ಷದವರಿಗೆ ಬೀಳ್ಕೊಡುಗೆ. ತವರು ಜಿಮ್‌ನಲ್ಲಿ, ಅಂದರೆ ತಮ್ಮದೇ ಕಾಲೇಜಿನ ಒಳಾಂಗಣದಲ್ಲಿ, ಅವರ ಕಡೆಯ ಆಟ. ಆಟಕ್ಕೆ ಮೊದಲು ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಮಗಳ ಕೈ ಹಿಡಿದು ಅಂಗಳದ ನಡುವೆ ನಡೆಯಬೇಕು. ಆ ನಡಿಗೆಗೆಂದೇ ವರ್ಲಿನ್ ಹೊಸ ಕೋಟು ಹೊಲಿಸಿದ್ದ. ಮತ್ತು ಕಾಲೇಜು ಹುಡುಗಿಯರು ನಾಲ್ಕು ಕಾಲು ಮಾಡಿ ಆಡಲು ಶುರುಮಾಡಿ ವರ್ಷಗಳೇ ಕಳೆದಿದ್ದವು!

ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹ್ಯಾಲಿಯ ಒಂದು ಆಟವನ್ನೂ ತಪ್ಪಿಸದೆ, ಪ್ರತಿ ಕಾಲಿನ ನಡುವೆ ಎದ್ದುಹೋಗಿ ಪಾಪ್‌ಕಾರ್ನ್ ತಂದು ತಿಂದಿದ್ದ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಗೊತ್ತಿರುವುದೆಲ್ಲ ಇಳಿದ ಮೇಲೆಯೇ ನೆನಪಾಗುವುದು.

ಕುಂಟುತ್ತ ಮನೆಗೆ ಬಂದರೆ ಹ್ಯಾಲಿ ಅಡುಗೆಮನೆಯಲ್ಲಿ ನಿಂತಿದ್ದಳು. ಕೈ ಕಟ್ಟಿಕೊಂಡಿದ್ದಳು. ಸಿಟ್ಟಿನಲ್ಲಿ ಅವಳು ಅಪ್ಪನ ಮಗಳೇ.

"ಅಪ್ಪಾ, ನಮ್ಮ ಆಟದಲ್ಲಿ ಎಷ್ಟು ಕಾಲು?"

"ಹ್ಯಾಲಿ, ನಾನು ಹೇಳಿದ್ದು ಹುಡುಗರ ಆಟದ…"

"ಎಷ್ಟು?"

"ನಾಲ್ಕು."

"ಹಂಗೆ ಆಡಿದ್ರೆ ಬಾಸ್ಕೆಟ್‌ಬಾಲೇ ಅಲ್ಲ ಅಂದೆಯಲ್ಲ, ಊರಿಗೆಲ್ಲ ಕೇಳೋ ಹಾಗೆ! ಹಾಗಾದ್ರೆ ನಾನು ಇಷ್ಟು ವರ್ಷ ಆಡಿದ್ದೇನು? ಕುಂಟೇಬಿಲ್ಲೆನಾ?"

"ಬಾಯಿ ತಪ್ಪಿ ಬಂತು ಮಗಳೇ…"

"ಬಾಯಿ ತಪ್ಪಿ ಅಲ್ಲ, ಮನಸ್ಸಲ್ಲಿ ಇದ್ದದ್ದೇ ಬಂತು! ಮಂಡಿ ಆಪರೇಷನ್ ಆಗಿ, ಕುಂಟ್ಕೊಂಡು ಕುಂಟ್ಕೊಂಡು ಮತ್ತೆ ಓಡೋದು ಕಲಿತೆನಲ್ಲ, ಅದು ಯಾವ ಆಟಕ್ಕೆ? ನೀನು ಆಟ ಅಂದಾಗೆಲ್ಲ ಬರೀ ಹುಡುಗರದ್ದೇ ನೆನೆಸ್ಕೋತೀಯ. ಶನಿವಾರ ನೀನು ಬರಬೇಡ. ಅಮ್ಮ ಒಬ್ಬಳು ಸಾಕು. ನಿನ್ನ ಪ್ರತಿಜ್ಞೆ ನೀನೇ ಇಟ್ಕೋ!"

ಬಾಗಿಲು ಬಡಿದ ರಭಸಕ್ಕೆ ಚಾವಣಿಯಲ್ಲಿ ಉಳಿದಿದ್ದ ಕೆನೆ ಕಳಚಿ, ವರ್ಲಿನ್‌ನ ಬೋಳು ನೆತ್ತಿಯ ಮೇಲೆ ಬಿತ್ತು. ಒರೆಸಿಕೊಳ್ಳಲೂ ಅವನಿಗೆ ಮನಸ್ಸಾಗಲಿಲ್ಲ. ಮಗಳು ಹೇಳಿದ್ದು ನಿಜ, ಅದಕ್ಕೇ ಅಷ್ಟು ನೋವು.

"ಈಗ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ ಡಾರ್ಲಾ?"

"ಕನ್ನಡಿ ಬಚ್ಚಲುಮನೆಯಲ್ಲಿದೆ," ಎಂದಳು ಒಲೆಯ ಮುಂದಿದ್ದ ಡಾರ್ಲಾ.

ಶನಿವಾರ ಡಾರ್ಲಾ ಹೊಸ ಪೈ, ಹೂಗುಚ್ಛ ಹಿಡಿದು ಒಬ್ಬಳೇ ಜಿಮ್ ಒಳಗೆ ಹೋದಳು. ವರ್ಲಿನ್ ಹೊಸ ಕೋಟು ತೊಟ್ಟುಕೊಂಡೇ ಹೊರಗೆ ತನ್ನ ಪಿಕಪ್ ಗಾಡಿಯಲ್ಲಿ ಕೂತ. ಬಾಗಿಲ ಬಳಿ ಲೊವೆಲ್ ಮತ್ತು ಅವನ ಪಡೆ. ಎಲ್ಲಿ ನೋಡಿದರೂ ವರ್ಲಿನ್‌ನ ಮುಖ, ಎಲ್ಲಿ ನೋಡಿದರೂ ಮಾತು ತಪ್ಪಲ್ಲ! ಲೊವೆಲ್ ಬಂದು ಕಿಟಕಿಯಲ್ಲಿ ಒಂದು ಬಟ್ಟಲು ಬಿಸಿ ಚಿಲ್ಲಿ, ಅಂದರೆ ಮಾಂಸ ಹಾಕಿದ ಖಾರದ ಗಟ್ಟಿ ಸಾರು, ಕೊಟ್ಟ.

"ಮಗಳ ಆಟ ಇದ್ರೂ ಮಾತು ಉಳಿಸ್ಕೊಂಡ್ಯಲ್ಲ, ಗಂಡಸು ಅಂದ್ರೆ ನೀನು ಕಣೋ!"

ಆ ಮಾತು ಚಿಲ್ಲಿಗಿಂತ ಹೆಚ್ಚು ಉರಿಯಿತು. ವರ್ಲಿನ್ ಕಿಟಕಿ ಏರಿಸಿ ರೇಡಿಯೋ ಹಚ್ಚಿದ. ಜಿಮ್ ಒಳಗಿನಿಂದ ಡ್ವೇನ್ ವಿವರಣೆ ಕೊಡುತ್ತಿದ್ದ: "ಈಗ ಹ್ಯಾಲಿ ಹಾಸ್ಕಿನ್ಸ್ ಬರ್ತಾ ಇದ್ದಾಳೆ. ಒಂದು ಕಡೆ ತಾಯಿ. ಇನ್ನೊಂದು ಕಡೆ… ಇನ್ನೊಂದು ಕಡೆ ಯಾರೂ ಇಲ್ಲ."

ವರ್ಲಿನ್ ರೇಡಿಯೋಗೆ ಬೈದ. ಡ್ವೇನ್‌ಗೆ ಬೈದ. ಸಮಿತಿಯ ಏಳು ತಲೆಮಾರಿಗೆ ಬೈದ. ಬೈಗುಳ ಖಾಲಿಯಾಗಿ ಕೊನೆಗೆ ತನಗೇ ಬೈದುಕೊಂಡ. ಅದೊಂದು ಬೈಗುಳ ಮಾತ್ರ ನೇರ ಹೋಗಿ ನಾಟಿತು.

ಆಟ ಶುರುವಾಯಿತು. ಮೊದಲ ಕಾಲು, ಎರಡನೆಯ ಕಾಲು, ಮೂರನೆಯ ಕಾಲು. ಟಿಲ್ಮನ್ ಹಿಂದೆ ಬಿದ್ದಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಯಾರೂ ಅಡ್ಡ ಬಾರದಂತೆ ಗೆರೆಯ ಮೇಲೆ ನಿಂತು ಎಸೆಯುವ ಫ್ರೀ ಥ್ರೋನಲ್ಲಿ ಎಂದೂ ತಪ್ಪದ ಹ್ಯಾಲಿ ಅಂದು ಎಸೆದದ್ದೆಲ್ಲ ತಪ್ಪುತ್ತಿದ್ದಳು.

"ಏನಾಗಿದೆ ಈ ಹುಡುಗಿಗೆ?" ಎಂದ ಡ್ವೇನ್.

ಏನಾಗಿದೆ ಎಂದು ವರ್ಲಿನ್‌ಗೆ ಗೊತ್ತಿತ್ತು. ಅವಳು ಪುಟ್ಟವಳಿದ್ದಾಗ ಗ್ಯಾರೇಜಿನ ಬಾಗಿಲ ಮೇಲೆ ಬಾಸ್ಕೆಟ್ ಕಟ್ಟಿ ಎಸೆಯಲು ಕಲಿಸಿದವನು ಅವನೇ. ಅವಳ ಮೊಣಕೈ ಹೊರಗೆ ವಾಲುತ್ತಿತ್ತು. ಪ್ರತಿ ಎಸೆತಕ್ಕೂ ಮುಂಚೆ "ಮೊಣಕೈ!" ಎಂದು ಕೂಗುತ್ತಿದ್ದ. ಆಗಿನಿಂದ ಈವರೆಗೆ ಅವಳು ಎಲ್ಲಿ ಆಡಿದರೂ ಬಾಸ್ಕೆಟ್ ಹಿಂದಿನ ಮೂರನೆಯ ಸಾಲಿನಿಂದ ಆ ಕೂಗು ಬಂದೇ ಬರುತ್ತಿತ್ತು. ಅಂದು ಬರಲಿಲ್ಲ.

ಮೂರನೆಯ ಕಾಲು ಮುಗಿದ ಗಂಟೆ ಕೇಳಿಸಿತು. ವರ್ಲಿನ್ ಗಾಡಿಯಿಂದ ಧುಮುಕಿದ. ಚಿಲ್ಲಿ ಕೋಟಿನ ಮೇಲೆಲ್ಲ ಹರಿಯಿತು.

"ಎಲ್ಲಿಗೋ?" ಎಂದು ಲೊವೆಲ್ ಬಾಗಿಲಿಗೆ ಅಡ್ಡ ನಿಂತ.

"ಒಳಗೆ!"

"ನಿನ್ನ ಪ್ರತಿಜ್ಞೆ?"

"ನೀನೇ ಇಟ್ಕೊಂಡು ಪೂಜೆ ಮಾಡು! ದಾರಿ ಬಿಡೋ!"

ಲೊವೆಲ್ ಫಲಕವನ್ನು ಗುರಾಣಿಯಂತೆ ಮುಂದೆ ಹಿಡಿದ. ವರ್ಲಿನ್ ಗೂಳಿಯಂತೆ ತಲೆ ತಗ್ಗಿಸಿ ನುಗ್ಗಿದ. ಕಾಗದದ ವರ್ಲಿನ್ ಪರ್ರನೆ ಹರಿದು, ಆ ತೂತಿನಿಂದ ನಿಜವಾದ ವರ್ಲಿನ್ ತಲೆ ಹೊರಬಂತು! ಬಿಚ್ಚಿಕೊಳ್ಳಲು ಪುರಸೊತ್ತೆಲ್ಲಿ? ಎದೆಯ ಮೇಲೆ ಚಿಲ್ಲಿ, ಕೊರಳಲ್ಲಿ ಫಲಕ, ಫಲಕದ ಮೇಲೆ ದಪ್ಪ ಅಕ್ಷರ. ಮಾತು ತಪ್ಪಲ್ಲ ಎಂದು ಊರಿಗೆ ಸಾರುತ್ತಲೇ ಅವನು ಮಾತು ತಪ್ಪಿ ಒಳಗೆ ಬಂದ. ಇಡೀ ಜಿಮ್ ಎದ್ದು ನಿಂತು ಕೂಗಿತು, ನಕ್ಕಿತು, ಹೋ ಎಂದಿತು. ವರ್ಲಿನ್ ಯಾರನ್ನೂ ನೋಡದೆ ಮೂರನೆಯ ಸಾಲಿಗೆ ಹೋಗಿ ಡಾರ್ಲಾಳ ಪಕ್ಕ ಕೂತ.

"ಜಾಗ ಇಟ್ಟಿದ್ದೆ," ಎಂದಳು ಅವಳು, ಅವನತ್ತ ತಿರುಗದೆ.

ನಾಲ್ಕನೆಯ ಕಾಲಿನಲ್ಲಿ ಟಿಲ್ಮನ್ ಹುಡುಗಿಯರು ಒಂದೊಂದಾಗಿ ಅಂಕ ಎಳೆದು ತಂದರು. ಸಮಯ ಮುಗಿಯುತ್ತ ಬಂದಾಗ ಅಂಕ ಸಮಸಮ, ಹ್ಯಾಲಿಗೆ ಎರಡು ಫ್ರೀ ಥ್ರೋ. ಅವಳು ಚೆಂಡು ಹಿಡಿದು ಗೆರೆಯ ಮೇಲೆ ನಿಂತಳು. ವರ್ಲಿನ್ ಬಾಯಿ ತೆರೆದ. ತೆರೆದವನು ಮಗಳು ಬರಬೇಡ ಅಂದದ್ದು ನೆನಪಾಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹುಟ್ಟಿದ ಮೇಲೆ ಮೊದಲ ಬಾರಿ!

ಚೆಂಡು ಕಂಬಿಗೆ ತಾಕಿ ಹೊರಗೆ ಬಿತ್ತು.

ಹ್ಯಾಲಿ ತಲೆ ಎತ್ತಿ ನೇರ ಮೂರನೆಯ ಸಾಲಿಗೆ ನೋಡಿದಳು. ಕಣ್ಣಲ್ಲಿ ಬೆಂಕಿ ಇನ್ನೂ ಇತ್ತು.

"ಏನಪ್ಪಾ, ಊರಿಗೆಲ್ಲ ಕೇಳೋ ಹಾಗೆ ಕೂಗೋನು! ಈಗ ಬಾಯಿ ಬಿದ್ದು ಹೋಯ್ತಾ? ಹೇಳು!"

"ಮೊಣಕೈ!" ಎಂದು ಕೂಗಿದ ವರ್ಲಿನ್.

ಚೆಂಡು ಬಲೆಯೊಳಗೆ ಸದ್ದಿಲ್ಲದೆ ಇಳಿಯಿತು.

ಗೆದ್ದ ಗದ್ದಲದಲ್ಲಿ ಹ್ಯಾಲಿ ಬಂದು ಅಪ್ಪನ ಕೊರಳಿನ ಫಲಕ ಹಿಡಿದು ಅಂಗಳದ ನಡುವೆ ಎಳೆದುಕೊಂಡು ಹೋದಳು. ಆಟಕ್ಕೆ ಮುಂಚಿನ ನಡಿಗೆಯ ಬಾಕಿ ಹೀಗೆ ತೀರಿತು.

"ಅಪ್ಪಾ, ನಾನು ಆಡಿದ್ದು ಏನು?"

"ಬಾಸ್ಕೆಟ್‌ಬಾಲ್," ಎಂದ ವರ್ಲಿನ್.

"ಜೋರಾಗಿ."

"ಬಾಸ್ಕೆಟ್‌ಬಾಲ್!"

ಅಷ್ಟರಲ್ಲಿ ಡ್ವೇನ್ ಮೈಕು ಹಿಡಿದು ಹಲ್ಲು ಕಿಸಿಯುತ್ತ ಬಂದ. ಹಿಂದೆಯೇ ತೂತುಬಿದ್ದ ಫಲಕದ ಲೆಕ್ಕ ಕೇಳಲು ಲೊವೆಲ್ ಮತ್ತು ಪಡೆ.

"ಊರೆಲ್ಲ ಕಾಯ್ತಾ ಇದೆ ವರ್ಲಿನ್ ಅವರೇ! ನಿಮ್ಮ ಪ್ರತಿಜ್ಞೆ ಏನಾಯ್ತು? ಹೊಸ ಹೆಸರು ಏನಿಡೋಣ?"

ವರ್ಲಿನ್ ಕೆಂಪೇರಿ ಬಾಯಿ ತೆರೆಯುವಷ್ಟರಲ್ಲಿ ಡಾರ್ಲಾ ಮೈಕು ಕಿತ್ತುಕೊಂಡಳು.

"ಹೆಸರು ಅದೇ ಇರಲಿ ಬಿಡಿ. ಇವನು ಮುಕ್ಕಾಲು ಪಾಲು ಮಾತು ಉಳಿಸ್ಕೊಂಡಿದ್ದಾನೆ. ಮೂರು ಕಾಲು ಹೊರಗೇ ಕೂತಿದ್ದ, ಒಂದು ಕಾಲಿಗೆ ಮಾತ್ರ ಒಳಗೆ ಬಂದ. ಇವನು ಕೇಳಿದ ಹಾಗೆ ಎರಡೇ ಅರ್ಧದ ಆಟ ಆಗಿದ್ದಿದ್ರೆ, ಇವತ್ತು ಅರ್ಧ ಮಾನ ಹೋಗಿರ್ತಿತ್ತು!"