ಎಂಟು ತಾಸಿನ ಚಾರ್ಜು

ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇದ್ದಾಗ ಫೋನು ಎತ್ತಬಾರದು. ನಂದನ ಎತ್ತಿದ.

ಆ ಕಡೆ ದೊಡ್ಮನೆಯ ಗಣಪ ಹೆಗಡೆಯವರು. ನಂದನ ಹದಿನೈದು ದಿನದ ಹಿಂದೆ ನೋಡಿ ಬಂದಿದ್ದ ಗಗನಾಳ ಅಪ್ಪ.

"ಇವತ್ತು ನಾಲ್ಕು ಗಂಟೆಗೆ ಶಿರಸಿಗೆ, ನಿಮ್ಮನೆಗೆ ಬರವು ಹೇಳಿ ಮಾಡಿದ್ಯ. ನಿಂಗಕ್ಕೆ ತೊಂದರೆ ಆಗ್ತು ಹೇಳಾದ್ರೆ ಬ್ಯಾಡ, ಫೋನಲ್ಲೇ ಮಾತಾಡಲಕ್ಕು..." ಎಂದು ಅವರು ಎಳೆಯುತ್ತಿರುವಾಗಲೇ ಯಾರೋ ಫೋನು ಕಸಿದುಕೊಂಡ ಸದ್ದಾಯಿತು.

"ತಮ, ಆನು, ಗಗನಾನ ಅಜ್ಜಿ. ನೀ ಹೇಳಿದ ಗಾಡಿ ತಯಾರಿದ್ದ?"

"ಹ್ಞೂಂ" ಎಂದ ನಂದನ. ನೊರೆಯೊಳಗಿನಿಂದ ಬೇರೆ ಯಾವ ಶಬ್ದವೂ ಹೊರಡುವಂತಿರಲಿಲ್ಲ.

"ಹಂಗಾರೆ ಬತ್ಯ." ಫೋನು ಇಟ್ಟಾಯಿತು.

ಗಾಡಿ ತಯಾರಿರಲಿಲ್ಲ. ಅದು ಆರು ತಿಂಗಳಿಂದ ಜಗುಲಿಯ ಮೂಲೆಯಲ್ಲಿ ಹಳೆಯ ಹೊದಿಕೆ ಹೊದ್ದು ಕೂತಿತ್ತು. ಒಂದು ಹಿಡಿಕೆಯ ಮೇಲೆ ಪಂಚೆ ಒಣಗುತ್ತಿತ್ತು, ಮುಂದಿನ ಬುಟ್ಟಿಯಲ್ಲಿ ಬದನೆಕಾಯಿ, ಸೀಟಿನ ಮೇಲೆ ಪಕ್ಕದ ಮನೆಯ ಬೆಕ್ಕು.

ನಂದನ ವಿದೇಶಿ ಪ್ರವಾಸಿಗರ ದೊಡ್ಡ ಹಡಗೊಂದರಲ್ಲಿ ಕೆಲಸಕ್ಕಿದ್ದ. ಅವನೇ ಹಡಗು ನಡೆಸುತ್ತಾನೆಂದು ಓಣಿಯವರು ನಂಬಿದ್ದರು. ನಿಜವಾಗಿ ಅವನ ಕೆಲಸ ನಡೆಯಲಾರದ ಪ್ರಯಾಣಿಕರು ಕೂತು ಓಡಾಡುವ ಬ್ಯಾಟರಿ ಗಾಡಿಗಳನ್ನು ನೋಡಿಕೊಳ್ಳುವುದು. ಅಲ್ಲಿ ಒಂದೊಂದು ಗಾಡಿಗೂ ನೆಲದ ಮೇಲೆ ಹಳದಿ ಗೆರೆಯ ಜಾಗ, ಗೋಡೆಯಲ್ಲಿ ಅದರದೇ ಪ್ಲಗ್ಗು, ಹಿಡಿಕೆಗೆ ಕೋಣೆಯ ನಂಬರಿನ ಚೀಟಿ. ಗಾಡಿಯೊಂದು ದಾರಿಗೆ ಗೇಣುದ್ದ ಅಡ್ಡ ನಿಂತರೂ ಅಧಿಕಾರಿ ಬಂದು ಬೈಯುತ್ತಿದ್ದ. ಯಾರೋ ಮುದುಕರು ಬೇಡವೆಂದು ಬಿಟ್ಟುಹೋದ ಒಂದನ್ನು ನಂದನ ಕೇಳಿ ಪಡೆದು, ನಾಲ್ಕು ತುಂಡು ಮಾಡಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಅಮ್ಮನಿಗೆಂದು ಶಿರಸಿಗೆ ತಂದಿದ್ದ. ಅಮ್ಮ ಗಂಗಕ್ಕ ಅದನ್ನು ಸುತ್ತಲೂ ನೋಡಿ, "ಆನೆಂತ ಮುದುಕಿಯ?" ಎಂದು ಕೇಳಿ, ಅದರ ಮೇಲೆ ಹಪ್ಪಳ ಹರವಿದ್ದರು. ಹಡಗಿಗೆ ಹೋಗಿ ಈಗ ಮತ್ತೆ ರಜೆಗೆ ಬಂದಿದ್ದ ನಂದನನಿಗೆ ಅದನ್ನು ಚಾರ್ಜಿಗೆ ಹಾಕುವ ಕಾರಣವೇ ಬಂದಿರಲಿಲ್ಲ.

ಈಗ ಬಂದಿತ್ತು. ಸಂಬಂಧಕ್ಕೆ ಗಗನಾಳ ಮನೆಯಲ್ಲೆಲ್ಲರೂ "ಅಡ್ಡಿಲ್ಲೆ" ಎಂದಿದ್ದರು, ಗಗನಾ ನಕ್ಕು "ನೋಡ್ವ" ಎಂದಿದ್ದಳು. ಆದರೆ ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಬೇಕು, ಅದನ್ನು ಮನೆಯ ಹಿರಿಯರೇ ನೋಡಬೇಕು. ಹಿರಿಯರೆಂದರೆ ಅಜ್ಜಿ. ಮಂಡಿನೋವಿನ ಅಜ್ಜಿ ಅಂಗಳ ದಾಟಿ ಆರು ವರ್ಷವಾಗಿತ್ತು. ನಂದನನ ಮನೆಯೋ ಏರು ಓಣಿಯ ಮೇಲ್ಭಾಗದಲ್ಲಿ. ರಿಕ್ಷಾ ಕೂಡ ಕೆಳಗಿನ ತಿರುವಿನಲ್ಲೇ ನಿಲ್ಲಬೇಕು. "ಯನ್ನತ್ರ ಕೂತ್ರೆ ಸಾಕು ಹೇಳೋ ಗಾಡಿ ಇದ್ದು ಅಜ್ಜಿ" ಎಂದು ಅಂದು ಉತ್ಸಾಹದಲ್ಲಿ ಹೇಳಿದವನೂ ನಂದನನೇ.

ಬೆಕ್ಕನ್ನು ಇಳಿಸಿ, ಬದನೆಕಾಯಿ ತೆಗೆದು, ಏಳು ಗಂಟೆಗೆ ಪ್ಲಗ್ಗು ಹಾಕಿದ. ಪೂರ್ತಿ ಚಾರ್ಜಿಗೆ ಎಂಟು ತಾಸು. ಹಿಡಿಕೆಯ ನಡುವೆ ಐದು ಪುಟ್ಟ ದೀಪಗಳು, ಒಂದೂ ಉರಿಯುತ್ತಿರಲಿಲ್ಲ. ಎಂಟೂವರೆಗೆ ಮೊದಲನೆಯದು ಹೊತ್ತಿತು. ಅದೇ ನಿಮಿಷಕ್ಕೆ ಕರೆಂಟು ಹೋಯಿತು.

"ನಮ್ಮ ಸಾಲಿಗೆ ಇನ್ನು ಹನ್ನೆರಡಕ್ಕೇಯ" ಎಂದರು ಪಕ್ಕದ ಮನೆಯ ಪರಿಮಳಾ, ಬೆಕ್ಕನ್ನು ಎತ್ತಿಕೊಂಡು. "ಎದುರು ಸಾಲಿನ ಲೈನು ಬೇರೆ. ಮಾಸ್ತರ ಮನೇಲಿ ಕೇಳು. ಅಂದಹಾಗೆ ಎಂತಕ್ಕೆ ಇಷ್ಟು ಗಡಿಬಿಡಿ?"

ನಂದನ ಹೇಳಿದ. ಹೇಳಿದ್ದು ಪರಿಮಳಾ ಒಬ್ಬರಿಗೇ. ಆದರೆ ಗಾಡಿಯನ್ನು ಎದುರು ಮನೆಗೆ ನೂಕುವಷ್ಟರಲ್ಲಿ ಶಿವಲಿಂಗಪ್ಪ ಮಾಸ್ತರು ಬಾಗಿಲಲ್ಲೇ ನಿಂತಿದ್ದರು.

"ಬಾರೋ ತಮ್ಮಾ, ಬೀಗರು ಬರಾಕ ಹತ್ಯಾರಂತಲ್ಲ! ತೊಗೊಂಡ್ ಬಾ ಒಳಗ."

ಮಾಸ್ತರು ಹಾವೇರಿ ಕಡೆಯವರು. ನಿವೃತ್ತಿಯಾದರೂ ಪರೀಕ್ಷಿಸುವ ಚಟ ಬಿಟ್ಟಿರಲಿಲ್ಲ. ಗಾಡಿಯನ್ನು ಅವರ ವಶಕ್ಕೆ ಒಪ್ಪಿಸಿ ನಂದನ ಪೇಟೆಗೆ ಹಣ್ಣು ತರಲು ಹೋದ. ಹನ್ನೆರಡಕ್ಕೆ ಬಂದು ನೋಡಿದರೆ ಉರಿಯುತ್ತಿದ್ದುದು ಅದೇ ಒಂದು ದೀಪ.

"ಮೂರು ತಾಸು ಹಾಕಿದ್ರೂ ಹಿಂಗೆ?"

"ಮೂರು ಉರದಿದ್ದುವಪ್ಪಾ" ಎಂದರು ಮಾಸ್ತರು. "ಆದ್ರ ಚಾರ್ಜ್ ಹಿಡದೈತೋ ಇಲ್ಲೋ ನೋಡಬೇಕಲ್ಲ? ತಿರುವಿನ ತನಕ ಹೋಗಿ ಬಂದೆ. ಇಳಿಜಾರಿನ್ಯಾಗ ಛಲೋ ಓಡ್ತು. ಏರಿನ್ಯಾಗ ಹೆಂಗ ಅಂತ ಇನ್ನೊಮ್ಮೆ ನೋಡಿದೆ. ನಮ್ಮನಿಯಾಕಿ ನನಗೂ ಒಂದು ಸುತ್ತು ಅಂದಳು. ಏನೂ ದೋಷ ಇಲ್ಲ ತಮ್ಮಾ, ಧೈರ್ಯವಾಗಿರು!"

ನಂದನನ ಮುಖ ಉಪ್ಪು ಹಾಕಿದ ಸೌತೆಕಾಯಿಯಂತಾಯಿತು. ಆದರೆ ನಿವೃತ್ತ ಮಾಸ್ತರನ್ನು ಬೈಯಲಾದೀತೇ? ಗಾಡಿಯನ್ನು ವಾಪಸು ನೂಕಿದ. ತಮ್ಮ ಸಾಲಿಗೆ ಕರೆಂಟೇನೋ ಬಂದಿತ್ತು. ಆದರೆ ಜಗುಲಿಯ ಪ್ಲಗ್ಗಿನಲ್ಲಿ ಗಂಗಕ್ಕನ ರುಬ್ಬುವ ಯಂತ್ರ ಗುಡುಗುಡು ಎನ್ನುತ್ತಿತ್ತು.

"ಬಂದವಕ್ಕೆ ತಿನ್ನಲೆ ಬ್ಯಾಡದ? ಗಾಡಿ ತಿಂತ್ವ?" ಎಂದರು ಗಂಗಕ್ಕ.

ಹಾಗಾಗಿ ಗಾಡಿ ಪರಿಮಳಾ ಮನೆಯ ಜಗುಲಿ ಸೇರಿತು. "ಇದನ್ನು ಯಾರೂ ಹತ್ತಬಾರದು" ಎಂದು ನಂದನ ಮಾತು ತೆಗೆದುಕೊಂಡ. ಪರಿಮಳಾ ಬೆಕ್ಕಿನ ಮೇಲೆ ಆಣೆ ಇಟ್ಟರು. ಅವನು ನೆಮ್ಮದಿಯಿಂದ ಹೋಗಿ ಅಂಗಳ ಗುಡಿಸಿ, ಬಾವಿಕಟ್ಟೆ ತಿಕ್ಕಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿದ. ನಡುವೆ ಎಲ್ಲೋ ದೂರದಲ್ಲಿ ಒಂದು ಗುಡುಗು ಕೇಳಿಸಿತು. ಏಪ್ರಿಲ್ಲಿನಲ್ಲಿ ಅದೇನು ಹೊಸದಲ್ಲ. ಅವನು ತಲೆ ಬಾಚುತ್ತಲೇ ಇದ್ದ.

ಎರಡು ಗಂಟೆಗೆ ಬಂದು ನೋಡಿದರೆ ಪ್ಲಗ್ಗು ನಾಜೂಕಾಗಿ ಸುತ್ತಿಕೊಂಡು ಮೊಳೆಗೆ ನೇತಾಡುತ್ತಿತ್ತು. ಅದರ ಪಕ್ಕ ಟೀವಿಯ ವಯರು, ಅದರ ಪಕ್ಕ ಫೋನಿನದು.

"ಪರಿಮಳಕ್ಕಾ!"

"ಗುಡುಗಿತಲ ಮಾರಾಯ" ಎಂದರು ಪರಿಮಳಾ, ಬಹುಮಾನ ಕೊಡುತ್ತಾನೇನೋ ಎಂಬಂತೆ ನಿಂತು. "ಹ್ವಾದ ವರ್ಷ ಯಮ್ಮನೆ ಟೀವಿ ಸುಟ್ಟು ಹೋಗಿತ್ತಲ. ನಿನ್ನ ಗಾಡಿಗೆ ಹಂಗಾಗಲಾಗ ಹೇಳಿ ಅಕ್ಕಿ ಬೀಸದು ಬಿಟ್ಟು ಓಡಿ ಬಂದು ಮೊದ್ಲು ಅದನ್ನೇ ತೆಗದಿ!"

ಅವರ ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. ನಂದನ ಮೆಟ್ಟಿಲ ಮೇಲೆ ಕೂತುಬಿಟ್ಟ. ಉಳಿದಿದ್ದು ಎರಡೇ ತಾಸು. ಮತ್ತೆ ಪ್ಲಗ್ಗು ಹಾಕಿದ. ಆದರೆ ಕರೆಂಟು ಯಾವಾಗ ಹೋದೀತೋ ಎಂದು ಓಣಿಯ ಪಂಪುಗಳೆಲ್ಲ ಒಟ್ಟಿಗೆ ಶುರುವಾಗಿದ್ದವು; ತುದಿಯಲ್ಲಿ ಹೊನ್ನನ ಹಿಟ್ಟಿನ ಗಿರಣಿ ಬೇರೆ. ವೋಲ್ಟೇಜು ಇಳಿದು ಜಗುಲಿಯ ಬಲ್ಬು ಕುಂಕುಮದ ಬೊಟ್ಟಿನಷ್ಟೇ ಉರಿಯಿತು. ಚಾರ್ಜರು ಎರಡು ಸಲ ಕೆಮ್ಮಿದಂತೆ ಮಾಡಿ ಸುಮ್ಮನಾಯಿತು.

ಬಿಳಿ ಅಂಗಿಯಲ್ಲೇ ಅವನು ಗಿರಣಿಗೆ ಓಡಿದ.

"ಹೊನ್ನಣ್ಣ, ಒಂದೆರಡು ತಾಸು ಗಿರಣಿ ನಿಲ್ಸಲಕ್ಕಾ?"

ಹೊನ್ನ ಸಾಲಾಗಿ ನಿಂತ ಡಬ್ಬಿಗಳನ್ನು ನೋಡಿದ, ಡಬ್ಬಿಗಳ ಹಿಂದೆ ನಿಂತ ಹೆಂಗಸರನ್ನು ನೋಡಿದ. "ಹುಡುಗಿ ಮನೆಯವ್ರು ಬರೂದಕ್ಕಾ? ಮೊದ್ಲೇ ಹೇಳೂಕಾಗಲಿಲ್ವಾ? ಬಂದ್ ಮಾಡ್ತೆ ತಗಾ."

ಹೆಂಗಸರೂ ಬೇಸರಿಸಲಿಲ್ಲ, ಡಬ್ಬಿ ಅಲ್ಲೇ ಬಿಟ್ಟು ಗಾಡಿ ನೋಡಲು ಬಂದರು. ಮಾಸ್ತರು ಮನೆಮನೆಗೆ ಹೋಗಿ ಪಂಪು, ಮಿಕ್ಸಿ, ಫ್ಯಾನು ಎಲ್ಲ ಬಂದ್ ಮಾಡಿಸಿದರು. ಕ್ರಿಕೆಟ್ ಮ್ಯಾಚು ಕೊನೆಯ ಓವರಿನಲ್ಲಿದ್ದ ಮನೆಯಲ್ಲೂ ಟೀವಿ ನಿಂತಿತು. ಇಡೀ ಓಣಿ ಬೀಸಣಿಗೆ ಬೀಸಿಕೊಳ್ಳುತ್ತ ಪರಿಮಳಾ ಮನೆಯ ಮುಂದೆ ಕೂತು, ಹಾಲು ಉಕ್ಕುವುದನ್ನು ಕಾಯುವವರಂತೆ ಆ ಐದು ದೀಪಗಳನ್ನೇ ನೋಡಿತು. ಎರಡನೆಯದು ಹೊತ್ತಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೂರನೆಯದೂ ಹೊತ್ತಿತು. ನಂದನ ಗಾಡಿಯನ್ನು ಕೆಳಗಿನ ತಿರುವಿಗೆ ಇಳಿಸಿಕೊಂಡು ಹೋದ.

ನಾಲ್ಕಕ್ಕೆ ಸರಿಯಾಗಿ ಬಾಡಿಗೆ ಜೀಪು ತಿರುವಿಗೆ ಬಂತು. ಗಣಪ ಹೆಗಡೆಯವರು ಇಳಿದು, ಯಾರ ಮುಖವನ್ನೂ ನೇರ ನೋಡದೆ ನಮಸ್ಕಾರ ಮಾಡಿದರು. ಹಿಂದೆ, ಇಬ್ಬರು ಹಿಡಿದುಕೊಂಡು ಇಳಿಸಿದ ಮೇಲೆ, ಜರಿಯಂಚಿನ ಸೀರೆಯ ಸಣ್ಣ ಜೀವ. ಅಜ್ಜಿ ಗಾಡಿಯನ್ನು ಮುಟ್ಟಿ ನೋಡಿ, ಹತ್ತಿ ಕೂತರು.

"ಎಲ್ಲಿ ಒತ್ತವು?"

"ಇಲ್ಲಿ ಅಜ್ಜಿ. ಬಿಟ್ರೆ ನಿಂತ್ಕತ್ತು. ಆನು ಹಿಡ್ಕತ್ತಿ..."

"ಬ್ಯಾಡ. ಬಿಡು."

ಒತ್ತಿದರು. ಗಾಡಿ ಹೊರಟಿತು. ಮೊದಲ ಮೂರು ಮಾರು ಅಜ್ಜಿ ಕಣ್ಣು ಮುಚ್ಚಿದ್ದರು. ಆಮೇಲೆ ತೆರೆದರು. ಹಾರ್ನು ಸಿಕ್ಕಿತು, ಒತ್ತಿದರು, ಮತ್ತೆ ಒತ್ತಿದರು. ಬೆಕ್ಕು ಗೋಡೆ ಹತ್ತಿತು. ನಂದನ ಪಕ್ಕದಲ್ಲಿ ಓಡುತ್ತಿದ್ದ, ಅವನ ಹಿಂದೆ ಇಡೀ ಓಣಿ. ನಂದನನ ಮನೆ ಬಂತು, ಅಜ್ಜಿ ನಿಲ್ಲಿಸಲಿಲ್ಲ. ಗಿರಣಿಯ ತನಕ ಹೋಗಿ, ಹೊನ್ನನಿಗೆ ಹಾರ್ನು ಮಾಡಿ, ತಿರುಗಿಸಿಕೊಂಡು ಬಂದರು. ಸೆರಗು ಜಾರಿತ್ತು, ಮುಖ ಕೆಂಪಾಗಿತ್ತು.

ಮನೆಯೊಳಗೆ ಕೋಲೂರಿಕೊಂಡು ಅಡುಗೆಮನೆ ನೋಡಿದರು: "ಅಡ್ಡಿಲ್ಲೆ." ಬಾವಿ ನೋಡಿದರು: "ನೀರಿದ್ದು, ಅಡ್ಡಿಲ್ಲೆ." ಕಾಗದದಷ್ಟು ತೆಳ್ಳನೆಯ ಸಿಹಿ ತೊಡದೇವು ತಿಂದರು: "ಗಂಗಾ, ಕೈ ರುಚಿ ಅಡ್ಡಿಲ್ಲೆ." ಒಂದೊಂದು ಅಡ್ಡಿಲ್ಲೆಗೂ ನಂದನನ ಎದೆ ಒಂದೊಂದು ಅಂಗುಲ ಉಬ್ಬಿತು.

ಕಾಫಿ ಮುಗಿದ ಮೇಲೆ ಗಣಪ ಹೆಗಡೆಯವರು ಲೋಟವನ್ನು ಮೂರು ಸಲ ತಿರುಗಿಸಿದರು.

"ಗಂಗಕ್ಕ, ಹೆಂಗೆ ಹೇಳದು ಗೊತ್ತಾಗ್ತಿಲ್ಲೆ. ಗಗನಂಗೆ ಧಾರವಾಡದಲ್ಲಿ ಬಿ.ಎಡ್. ಸೀಟು ಸಿಕ್ಕಿದ್ದು. ಓದಿ, ಕೆಲಸಕ್ಕೆ ಸೇರಿದ ಮೇಲೇ ಮದುವೆ ಮಾತು ಹೇಳಿ ಕೂಸು ಗಟ್ಟಿ ಹೇಳ್ತು. ಅದು ಹೇಳದೂ ಸರಿಯೇಯ. ಈ ಸಂಬಂಧ... ಆಗ್ತಿಲ್ಲೆ."

ನಂದನನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಗಂಗಕ್ಕ ಮೆಲ್ಲಗೆ ಕೇಳಿದರು, "ಇವತ್ತು ಗೊತ್ತಾತ?"

"ನಾಲ್ಕು ದಿನ ಆತು. ಫೋನಲ್ಲಿ ಹೇಳ್ವ ಹೇಳಿ ಮಾಡಿದ್ದಿ. ಆಯಿ ಬಿಟ್ಟಿದ್ದಿಲ್ಲೆ. ಇಂಥದ್ದನ್ನೆಲ್ಲ ಮನೆಗೇ ಹೋಗಿ ಹೇಳವು ಹೇಳ್ತು."

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ನಂದನನನ್ನು ಹತ್ತಿರ ಕರೆದು ಅವನ ಕೈ ಹಿಡಿದುಕೊಂಡರು.

"ತಪ್ಪು ತಿಳ್ಕಳಡ ತಮ. ಅಂವ ಫೋನಲ್ಲಿ ಹೇಳಿದ್ರೆ ಅಲ್ಲಿಗೇ ಮುಗದು ಹೋಗ್ತಿತ್ತು. ಮತ್ತೆ ಆನು ನಿನ್ನ ಗಾಡಿ ಹತ್ತದು ಯಾವಾಗ?"

ನಂದನ ಆ ಮುಖ ನೋಡಿದ. ಅಳು ಬರಬೇಕಿತ್ತು, ಹಾಳಾದ್ದು ನಗು ಬಂತು.

"ದೀಪ ಎಷ್ಟು ಉಳದ್ದು?" ಎಂದು ಕೇಳಿದರು ಅಜ್ಜಿ.

"ಎರಡು."

"ಹಂಗಾರೆ ಇನ್ನೊಂದು ಸುತ್ತಿಗೆ ಅಡ್ಡಿಲ್ಲೆ."

ಅವರನ್ನು ಕೂರಿಸಿ, ಕಾಲಡಿಗೆ ಸೀರೆ ಸಿಕ್ಕದಂತೆ ಸರಿಮಾಡಿ, ನಂದನ ಗೇಟು ತೆರೆದ. ಹೊರಗೆ ಓಣಿಯೇ ಕಾದು ನಿಂತಿತ್ತು. ಮಾಸ್ತರು ಎಲ್ಲರ ಪರವಾಗಿ ಮುಂದೆ ಬಂದರು.

"ಏನಾತೋ ತಮ್ಮಾ? ಒಪ್ಪಿದ್ರೇನು?"

"ಒಪ್ಪಿದ್ರು ಮಾಸ್ತರೆ" ಎಂದ ನಂದನ, ಅಜ್ಜಿಗೆ ದಾರಿ ಬಿಡಿಸುತ್ತ. "ಗಾಡಿಯನ್ನ."